ಅಜ್ಜಿಯ ಹಗೇವು



ಕಳೆದ ಬೇಸಿಗೆ ರಜೆಯಲ್ಲಿ ನಾವು ಉದಗೀರ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ಪರಿಚಿತರ ಮನೆಗೆ ಹೋಗಿದ್ದೆವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ಎರಡರ ಜೊತೆಗೆ ಹಿಂದಿ. ಉದಗೀರ, ನಿಲಂಗಾ, ಉಮರ್ಗಾ ಕಡೆಯ ಮನೆಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ. ಉದಗೀರ ಮತ್ತು ನಿಲಂಗಾ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಈಗ ಅವು ಲಾತೂರ ಜಿಲ್ಲೆಯಲ್ಲಿವೆ, ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ನಕಾಶೆಯ ಗೆರೆ ಸರಿಯಿತು, ಅಡುಗೆಮನೆಯ ಮಾತು ಮಾತ್ರ ಇದ್ದಲ್ಲೇ ಉಳಿಯಿತು.

ಆ ಮನೆಯ ಮೊಮ್ಮಗಳು ಎಂಟನೆಯ ತರಗತಿಯ ಹುಡುಗಿ. ರಜೆಯಲ್ಲಿ ಮಾಡಿಕೊಂಡು ಬರಲು ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಹಿಂದಿನ ಕಾಲದ ಒಕ್ಕಲುತನದ ಸಾಮಾನುಗಳ ಹೆಸರು ಬರೆದು, ಅವುಗಳ ಉಪಯೋಗವನ್ನು ತಿಳಿಸಬೇಕು. ಅಜ್ಜಿ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಹೇಳುತ್ತಿದ್ದರು. ಕೂರಿಗೆ, ಕುಂಟೆ, ಮಿಣಿ, ಕಣ... ಕೊನೆಗೆ "ಹಗೇವು" ಎಂದರು.

"ಹಗೇವು ಅಂದ್ರ ಏನಜ್ಜಿ?"

"ನೆಲದಾಗ ತೋಡಿದ ಕಣಜ, ಮಗಾ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಸುತ್ತ ಕಣಿಕಿ ಇಟ್ಟು ಒಳಗ ಜ್ವಾಳ ಸುರೀತಿದ್ರು. ಮಳಿ ಕೈಕೊಟ್ಟ ವರ್ಷ ಬಾಯಿ ತಗೀತಿದ್ರು. ತಗದ ಕೂಡ್ಲೆ ಯಾರೂ ಒಳಗ ಇಳೀತಿದ್ದಿಲ್ಲ. ಮದಲ ಕಂದೀಲ ಬಿಡ್ತಿದ್ರು. ಕಂದೀಲ ಆರ್ತು ಅಂದ್ರ ಒಳಗಿನ ಗಾಳಿ ಕೆಟ್ಟದ ಅಂತ ತಿಳ್ಕೊಂಡು ಕಾಯ್ತಿದ್ರು."

ಹುಡುಗಿ ತಂದೆಯ ಮೊಬೈಲು ತೆಗೆದುಕೊಂಡು ಮರಾಠಿ ಅಕ್ಷರಗಳಲ್ಲಿ "ಹಗೇವು" ಎಂದು ಬರೆದು ಹುಡುಕಿದಳು. ಏನೇನೋ ಬಂತು, ಬೇಕಾದದ್ದು ಬರಲಿಲ್ಲ. "ಮರಾಠಿಯೊಳಗ ಅದಕ್ಕ ಪೇವ ಅಂತಾರ, ಹಾಕಿ ನೋಡು" ಎಂದರು ತಂದೆ. ಅದು ಸಿಕ್ಕಿತು. ಅವಳ ಶಾಲೆಯ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ನಮ್ಮ ಕಡೆ ತಿರುಗಿ ಕೇಳಿದಳು: "ಪೇವ ಅಂದ್ರ ಸಿಗ್ತದ. ಅಜ್ಜಿ ಹೇಳಿದ್ದು ಯಾಕ ಸಿಗಂಗಿಲ್ರಿ, ಮಾಮಾ?"

ಆ ಕ್ಷಣಕ್ಕೆ ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ. ಊರಿಗೆ ಮರಳಿದ ಮೇಲೆ ಯೋಚಿಸಿದೆವು, ಓದಿದೆವು. ಈ ತಿಂಗಳ ಬರಹ ಆ ಹುಡುಗಿಯ ಪ್ರಶ್ನೆಗೆ ನಾವು ಕೊಡುತ್ತಿರುವ ಉತ್ತರ.

ಹತ್ತು ಸಾವಿರ ಚೀಟಿಗಳು

ರಾಶಿ ರಾಶಿ ಬರಹದ ನಡುವೆ ಬೇಕಾದ ಒಂದು ಮಾತನ್ನು ಹುಡುಕುವ ಕಷ್ಟ ಹಳೆಯದು. ಆ ಕಷ್ಟಕ್ಕೆ ಯಂತ್ರದ ನೆರವು ಕೇಳಿದ ಮೊದಲಿಗರಲ್ಲಿ ಒಬ್ಬರು ಇಟಲಿಯ ಯೇಸುಸಭೆಯ ಗುರು ರೊಬೆರ್ತೊ ಬೂಸಾ. 1913ರಲ್ಲಿ ಹುಟ್ಟಿದ ಅವರು ಸಂತ ತೋಮಸ್ ಅಕ್ವಿನಾಸರ ಬರಹಗಳಲ್ಲಿ 'ಸಾನ್ನಿಧ್ಯ' ಎಂಬ ವಿಚಾರವನ್ನು ಕುರಿತು ಸಂಶೋಧನೆ ಮಾಡುತ್ತಿದ್ದರು. ಆ ವಿಚಾರದ ಕೀಲಿ ದೊಡ್ಡ ದೊಡ್ಡ ಪದಗಳಲ್ಲಿಲ್ಲ, ನಮ್ಮ '-ಅಲ್ಲಿ' ಎಂಬ ಪ್ರತ್ಯಯಕ್ಕೆ ಸಮನಾದ, ಲತೀನಿನ 'ಇನ್' ಎಂಬ ಪುಟ್ಟ ಮಾತಿನಲ್ಲಿದೆ ಎಂದು ಅವರಿಗೆ ಹೊಳೆಯಿತು. ಆ ಮಾತು ಬರುವ ವಾಕ್ಯಗಳನ್ನು ಕೈಯಿಂದಲೇ ಚೀಟಿಗಳ ಮೇಲೆ ಬರೆಯುತ್ತಾ ಹೋದರು. ಚೀಟಿಗಳು ಹತ್ತು ಸಾವಿರವಾದವು!

ಒಂದು ಪುಟ್ಟ ಮಾತಿಗೇ ಹತ್ತು ಸಾವಿರ ಚೀಟಿಯಾದರೆ ಸಂತ ತೋಮಸರ ಎಲ್ಲ ಮಾತುಗಳಿಗೂ ಎಷ್ಟು ಬೇಕು? 1949ರಲ್ಲಿ ಗುರುಗಳು ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡರು. ಆ ಕಂಪನಿಯ ಯಂತ್ರಗಳು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಲೆಕ್ಕ ಇಡುತ್ತಿದ್ದವು. ಲೆಕ್ಕದ ಯಂತ್ರಕ್ಕೆ ಸಂತರ ಬರಹ ಯಾಕೆ ಎಂದು ಯಾರಾದರೂ ಕೇಳಬಹುದಿತ್ತು. ವಾಟ್ಸನ್ ಕೊನೆಗೆ ನೆರವು ನೀಡಲು ಒಪ್ಪಿದರು. ಐ.ಬಿ.ಎಂ. ಎಂಬ ಹೆಸರಿನಲ್ಲಿ 'ಬಿ' ಎಂದರೆ 'ಬೂಸಾ' ಎಂದು ಮಾಡಿಬಿಡಬೇಡಿ ಎಂದು ತಮಾಷೆಯನ್ನೂ ಮಾಡಿದರಂತೆ.

ಕೆಲಸ ಸುಮಾರು ಮೂವತ್ತು ವರ್ಷ ನಡೆಯಿತು. ಸುಮಾರು 1 ಕೋಟಿ 10 ಲಕ್ಷ ಪದಗಳ ಸೂಚಿ 1974ರಿಂದ 1980ರವರೆಗೆ 56 ಸಂಪುಟಗಳಲ್ಲಿ ಅಚ್ಚಾಯಿತು. ಮುಂದೆ ಅದು ಸಿ.ಡಿ.ಗೆ ಬಂತು, 2005ರಲ್ಲಿ ಅಂತರ್ಜಾಲಕ್ಕೂ ಬಂತು. ಬೂಸಾ ಗುರುಗಳು 2011ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ಬಹಳ ಜನ ಹೇಳದೆ ಬಿಡುವ ಒಂದು ಸಂಗತಿಯಿದೆ. ಆ ಕಾರ್ಡುಗಳಿಗೆ ತೂತು ಹೊಡೆದವರು ಯಾರು? ಇಟಲಿಯ ಗಲ್ಲರಾತೆ ಎಂಬ ಊರಿನಲ್ಲಿ ಗುರುಗಳು ಒಂದು ತರಬೇತಿ ಶಾಲೆ ತೆರೆದಿದ್ದರು. ಅಲ್ಲಿ ಕಲಿತ ತರುಣಿಯರು ಸಾಲು ಸಾಲಾಗಿ ಕುಳಿತು, ಒಂದೊಂದು ಪದವನ್ನೂ ಯಂತ್ರಕ್ಕೆ ಉಣಿಸಿದರು. ಯಂತ್ರ ಹುಡುಕಿ ಕೊಡುತ್ತದೆ, ನಿಜ. ಆದರೆ ಯಾರೋ ಕುಳಿತು ಒಳಗೆ ಹಾಕಿದ್ದನ್ನು ಮಾತ್ರ ಅದು ಹುಡುಕಿ ಕೊಡಬಲ್ಲದು. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಕನ್ನಡದಲ್ಲೂ ಇಂಥ ಕೆಲಸ ಆಗಿದೆ. ಉಮರ್ಗಾದಿಂದ ಗಡಿ ದಾಟಿದರೆ ಬಸವಕಲ್ಯಾಣ. ಅಲ್ಲಿ 12ನೆಯ ಶತಮಾನದಲ್ಲಿ ಶರಣರು ಆಡಿದ ವಚನಗಳನ್ನು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟಿಸಿತು. 2010ರ ದಶಕದಲ್ಲಿ ಓ. ಎಲ್. ನಾಗಭೂಷಣ ಸ್ವಾಮಿ, ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು 'ವಚನ ಸಂಚಯ' ಎಂಬ ಜಾಲತಾಣವನ್ನು ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಅದರಲ್ಲಿ ನೋಡಬಹುದಾಯಿತು. ಬೂಸಾ ಗುರುಗಳ ಚೀಟಿಗಳಿಗೂ ಈ ಕೆಲಸಕ್ಕೂ ಬೇರು ಒಂದೇ.

ಜಾಡು ಹಿಡಿದು ಹೋಗುವುದು

ಮಾತು ಸಿಕ್ಕಿದರೆ ಸಾಕೇ? ಅಲ್ಲಿಂದ ಮುಂದಿನ ಮಾತಿಗೆ ದಾರಿಯೂ ಬೇಕು. ಹಗೇವು ಎಂದಾಗ ಜೋಳ, ಜೋಳ ಎಂದಾಗ ಬರಗಾಲ, ಬರಗಾಲ ಎಂದಾಗ ವಲಸೆ ಹೋದ ಚಿಕ್ಕಪ್ಪನ ಕಥೆ. ನಮ್ಮ ಅಜ್ಜಿಯರ ನೆನಪು ಹೀಗೇ ಅಲ್ಲವೇ ನಡೆಯುವುದು?

ಅಮೆರಿಕದ ವಿಜ್ಞಾನಿ ವನ್ನೆವರ್ ಬುಷ್ 1945ರ ಜುಲೈನಲ್ಲಿ ಒಂದು ಮಾಸಪತ್ರಿಕೆಗೆ ಲೇಖನ ಬರೆದರು. ಮನುಷ್ಯನ ಮನಸ್ಸು ಅಕಾರಾದಿಯಲ್ಲಿ ಕೆಲಸ ಮಾಡುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ ಎಂದು ಅವರು ಗಮನಿಸಿದ್ದರು. ಅದಕ್ಕೆ ತಕ್ಕಂತೆ 'ಮೆಮೆಕ್ಸ್' ಎಂಬ ಒಂದು ಮೇಜನ್ನು ಊಹಿಸಿಕೊಂಡರು. ಪುಸ್ತಕಗಳೆಲ್ಲ ಸಣ್ಣ ಫಿಲಂ ಸುರುಳಿಗಳಲ್ಲಿ ಆ ಮೇಜಿನೊಳಗೆ ಇರಬೇಕು. ಓದುವವನು ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ಗಂಟು ಹಾಕಿ ಜಾಡು ಮಾಡಬೇಕು, ಆ ಜಾಡನ್ನು ಬೇರೆಯವರಿಗೂ ಕೊಡಬೇಕು. ಅಂಥ ಮೇಜನ್ನು ಯಾರೂ ಮಾಡಲಿಲ್ಲ. ಆದರೆ ಲೇಖನ ವ್ಯರ್ಥವಾಗಲಿಲ್ಲ. ಮಹಾಯುದ್ಧ ಮುಗಿದ ಹೊಸತರಲ್ಲಿ, ಫಿಲಿಪ್ಪೀನ್ಸಿನ ಲೇತೆ ದ್ವೀಪದಲ್ಲಿ, ಕಂಬಗಳ ಮೇಲೆ ಕಟ್ಟಿದ ಗುಡಿಸಲಿನಲ್ಲಿ ರೆಡ್ ಕ್ರಾಸ್‌ನವರ ಚಿಕ್ಕ ವಾಚನಾಲಯವಿತ್ತು. ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ನೌಕಾಪಡೆಯ ತರುಣ ಅದನ್ನು ಅಲ್ಲಿ ಓದಿದ. 1968ರ ಡಿಸೆಂಬರ್ 9ರಂದು ಅದೇ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಕುಳಿತು, ಕೈಯಲ್ಲಿ ಮೌಸ್ ಹಿಡಿದು, ಒಂದು ಮಾತನ್ನು ಒತ್ತಿ ಇನ್ನೊಂದಕ್ಕೆ ಹೋಗುವುದನ್ನೂ, ದೂರದಲ್ಲಿದ್ದ ಗೆಳೆಯನೊಂದಿಗೆ ಸೇರಿ ಒಂದೇ ಬರಹ ತಿದ್ದುವುದನ್ನೂ ಜನರಿಗೆ ತೋರಿಸಿದರು. ಹೀಗೆ ಗಂಟು ಹಾಕಿದ ಬರಹಕ್ಕೆ 'ಹೈಪರ್‌ಟೆಕ್ಸ್ಟ್' ಎಂಬ ಹೆಸರನ್ನು ಟೆಡ್ ನೆಲ್ಸನ್ 1965ರಲ್ಲೇ ಇಟ್ಟಿದ್ದರು.

ಈ ಎಳೆಗಳನ್ನೆಲ್ಲ ಸೇರಿಸಿ ಹೆಣೆದವರು ಟಿಮ್ ಬರ್ನರ್ಸ್-ಲೀ. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಬಂದು ಹೋಗುತ್ತಿದ್ದರು. ಅವರು ಹೋದೊಡನೆ ಅವರ ತಿಳಿವಳಿಕೆಯೂ ಅವರೊಂದಿಗೇ ಹೋಗಿಬಿಡುತ್ತಿತ್ತು. ಆ ನಷ್ಟವನ್ನು ತಪ್ಪಿಸಲು 1989ರ ಮಾರ್ಚ್‌ನಲ್ಲಿ ಅವರು ಒಂದು ಯೋಜನೆ ಬರೆದುಕೊಟ್ಟರು. ಅದೇ ಮುಂದೆ ವಿಶ್ವವ್ಯಾಪಿ ಜಾಲವಾಯಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಅದರ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆಲ್ಲ ಬಿಟ್ಟುಕೊಟ್ಟಿತು.

ಇಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. 1990ರಲ್ಲಿ ಬರ್ನರ್ಸ್-ಲೀ ಮಾಡಿದ ಮೊದಲ ಬ್ರೌಸರ್‌ನಲ್ಲಿ ಪುಟವನ್ನು ಓದಲೂ ಬರುತ್ತಿತ್ತು, ಬರೆಯಲೂ ಬರುತ್ತಿತ್ತು. ಓದುವವನೇ ಬರೆಯುವವನೂ ಆಗಬೇಕು ಎಂಬುದು ಮೂಲದ ಆಸೆ. ನಂತರ ಜನಪ್ರಿಯವಾದ ಬ್ರೌಸರ್‌ಗಳು ಹೆಚ್ಚಾಗಿ ಓದಲು ಮಾತ್ರ ಆದವು. ಇಂದು ನಮ್ಮ ಮನೆಗಳಲ್ಲಿ ಮೊಬೈಲು ಇನ್ನೊಂದು ಟಿ.ವಿ. ಆಗಿದೆ. ನೋಡುತ್ತೇವೆ, ಬೆರಳಿಂದ ಮೇಲಕ್ಕೆ ತಳ್ಳುತ್ತೇವೆ, ಮತ್ತೆ ನೋಡುತ್ತೇವೆ. ಒಳಗೆ ನಾವು ಏನನ್ನಾದರೂ ಇಟ್ಟಿದ್ದೇವೆಯೇ?

ಕಲಿಯುವವರ ಬಲೆ

ಕಲಿಯುವವರನ್ನು ಯಂತ್ರದ ಮೂಲಕ ಕೂಡಿಸುವ ಯೋಚನೆಗೂ ಹೀಗೇ ಒಂದು ಚರಿತ್ರೆಯಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ 'ಪ್ಲೇಟೋ' ಎಂಬ ಪಾಠದ ಗಣಕಯಂತ್ರ ಆರಂಭವಾಯಿತು. ಯಂತ್ರ ಪಾಠ ಹೇಳಬೇಕು, ಮಕ್ಕಳು ಉತ್ತರ ಒತ್ತಬೇಕು, ಅಷ್ಟೇ ಉದ್ದೇಶ. ಆದರೆ 1973ರ ಹೊತ್ತಿಗೆ ಅದರ ಮುಂದೆ ಕುಳಿತವರು ಒಬ್ಬರಿಗೊಬ್ಬರು ಬರೆದುಕೊಳ್ಳಲು ದಾರಿ ಮಾಡಿಕೊಂಡಿದ್ದರು. ಮನುಷ್ಯರು ಯಂತ್ರದಿಂದ ಕಲಿಯುವುದಕ್ಕಿಂತ ಯಂತ್ರದ ಮೂಲಕ ಮನುಷ್ಯರಿಂದ ಕಲಿಯಲು ಹೆಚ್ಚು ಇಷ್ಟಪಡುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇವಾನ್ ಇಲಿಚ್ 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಕಥೋಲಿಕ ಗುರುವಾಗಿ ನ್ಯೂಯಾರ್ಕಿನ ಬಡ ವಲಸೆಗಾರರ ನಡುವೆ ಸೇವೆ ಮಾಡಿ, 1969ರಲ್ಲಿ ಗುರುಸೇವೆಯಿಂದ ಹಿಂದೆ ಸರಿದವರು. 1971ರಲ್ಲಿ ಬಂದ ಅವರ ಪುಸ್ತಕವೊಂದರಲ್ಲಿ 'ಕಲಿಕೆಯ ಬಲೆಗಳು' ಎಂಬ ಅಧ್ಯಾಯವಿದೆ. ಕಲಿಯಬೇಕೆನ್ನುವವನು ತನ್ನ ಹೆಸರು, ವಿಳಾಸ, ತನಗೆ ಬೇಕಾದ ವಿಷಯ ಇಷ್ಟನ್ನು ಗಣಕಯಂತ್ರಕ್ಕೆ ಕೊಡಲಿ, ಅದೇ ವಿಷಯದಲ್ಲಿ ಆಸಕ್ತಿಯಿರುವ ಇತರರ ವಿಳಾಸವನ್ನು ಯಂತ್ರ ಅವನಿಗೆ ಕೊಡಲಿ ಎಂದು ಅವರು ಸೂಚಿಸಿದರು. ಶಾಲೆಗಳ ವಿಷಯದಲ್ಲಿ ಅವರಾಡಿದ ಕಟುವಾದ ಮಾತುಗಳನ್ನೆಲ್ಲ ನಾವು ಒಪ್ಪಬೇಕಾಗಿಲ್ಲ. ಗಡಿನಾಡಿನ ಬಡ ಮಕ್ಕಳಿಗೆ ಶಾಲೆ ಏನು ಕೊಟ್ಟಿದೆ ಎಂಬುದನ್ನು ಬಲ್ಲವರು ನಾವು. ಆದರೆ ಕಲಿಸಬಲ್ಲವರು ಶಾಲೆಯ ಹೊರಗೂ ಇದ್ದಾರೆ ಎಂಬ ಅವರ ಮಾತು ಸುಳ್ಳಲ್ಲ. ಕಟ್ಟೆಯ ಮೇಲೆ ಕುಳಿತ ಅಜ್ಜಿ ಅಂಥವರಲ್ಲಿ ಒಬ್ಬರು.

1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಗ್ರಾಮಫೋನ್ ತಟ್ಟೆಗಳನ್ನು ಮಾರುವ ಅಂಗಡಿಯೊಂದರಲ್ಲಿ, ಕೆಲವು ತರುಣರು ಒಂದು ಟೆಲಿಪ್ರಿಂಟರ್ ಇಟ್ಟು ದೂರದ ಗಣಕಯಂತ್ರಕ್ಕೆ ಜೋಡಿಸಿದರು. ಅದಕ್ಕೆ 'ಕಮ್ಯುನಿಟಿ ಮೆಮೊರಿ', ಅಂದರೆ ಸಮುದಾಯದ ನೆನಪು ಎಂದು ಹೆಸರು. ಬಾಡಿಗೆ ಮನೆ, ಸಂಗೀತದ ಜೊತೆಗಾರ, ಕಲಿಸುವವರು, ಯಾರಿಗೆ ಏನು ಬೇಕೋ ಬರೆದರು, ಬೇಕಾದದ್ದನ್ನು ಹುಡುಕಿದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಲೀ ಫೆಲ್ಸೆನ್‌ಸ್ಟೀನ್ ಇಲಿಚರ ಬರಹಗಳಿಂದ ತಾವು ಪಡೆದ ಪ್ರೇರಣೆಯನ್ನು ನೆನೆದಿದ್ದಾರೆ.

ಒಂದೇ ಸ್ಥಾನದ ಎರಡು ಕಕಾರ

ಈಗ ಹುಡುಗಿಯ ಪ್ರಶ್ನೆಯ ಉಳಿದ ಅರ್ಧ. ಅವಳು ಕನ್ನಡದ ಮಾತನ್ನು ಮರಾಠಿ ಲಿಪಿಯಲ್ಲಿ ಬರೆದಳಲ್ಲ, ಯಂತ್ರಕ್ಕೆ ಅದು ತಿಳಿಯುತ್ತದೆಯೇ?

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡಬೇಕು. ನಮ್ಮ ದೇಶದಲ್ಲಿ ಐ.ಐ.ಟಿ. ಕಾನಪುರದಲ್ಲಿ, ಆಮೇಲೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಈ ಕೆಲಸ ಮಾಡಿದವರು ಒಂದು ಜಾಣತನ ತೋರಿದರು. ಕನ್ನಡ, ನಾಗರಿ, ತೆಲುಗು ಲಿಪಿಗಳ ರೂಪ ಬೇರೆಯಾದರೂ ವರ್ಣಮಾಲೆಯ ಅಂದ ಒಂದೇ. ಹಾಗಾಗಿ ಒಂದೇ ಧ್ವನಿಗೆ ಒಂದೇ ಅಂಕಿ ಸಾಕು ಎಂದರು. 1991ರಲ್ಲಿ ಇದು 'ಇಸ್ಕಿ' ಎಂಬ ಹೆಸರಿನಲ್ಲಿ ಭಾರತೀಯ ಮಾನಕವಾಯಿತು. ಲೋಕದ ಎಲ್ಲ ಲಿಪಿಗಳಿಗಾಗಿ ಬಂದ ಯುನಿಕೋಡ್ ಕೂಡ ಇದೇ ಜೋಡಣೆಯನ್ನು ಅನುಸರಿಸಿತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಸಾಲು, ಮರಾಠಿ ಬರೆಯುವ ನಾಗರಿಗೆ ಇನ್ನೊಂದು ಸಾಲು. ಸೊನ್ನೆಯಿಂದ ಎಣಿಸಿದರೆ ಕನ್ನಡದ ಸಾಲಿನಲ್ಲಿ 'ಕ' ಅಕ್ಷರದ ಸ್ಥಾನ 21. ನಾಗರಿಯ ಸಾಲಿನಲ್ಲೂ 21! 'ಗ' ಎರಡರಲ್ಲೂ 23. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯಲ್ಲಿ ಎರಡೂ ಭಾಷೆಗಳ 'ಕ' ಒಂದೇ ಕೀಲಿಯಲ್ಲಿದೆ.

ಸ್ಥಾನ ಒಂದೇ, ಸಾಲು ಬೇರೆ. ಆದ್ದರಿಂದ ನಾಗರಿಯಲ್ಲಿ ಬರೆದ ಕನ್ನಡ ಮಾತನ್ನು ಕನ್ನಡ ಲಿಪಿಗೆ ತಿರುಗಿಸುವುದು ಯಂತ್ರಕ್ಕೆ ಸುಲಭ. ಆದರೆ ತಿರುಗಿಸು ಎಂದು ಯಾರಾದರೂ ಹೇಳದಿದ್ದರೆ ಅದಕ್ಕೆ ಅವು ಎರಡು ಬೇರೆ ಬೇರೆ ಮಾತುಗಳೇ. ಇನ್ನೊಂದು ತೊಡಕೂ ಇದೆ. ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಭೇದವಿಲ್ಲ. 'ಕೆರೆ' ಎಂದು ಬರೆದರೂ 'ಕೇರೆ' ಎಂದು ಬರೆದರೂ ಅಲ್ಲಿ ಒಂದೇ ರೂಪ. "ಕೆರೆಯಲ್ಲಿ ಕಾಲಿಟ್ಟೆ" ಎಂದದ್ದು ಕೇರೆ ಹಾವಿನ ಮೇಲೆ ಕಾಲಿಟ್ಟಂತೆ ಆದೀತು! ನಗಬೇಡಿ. ಮನೆಮಾತನ್ನು ಅದರ ಸ್ವಂತ ಲಿಪಿಯಲ್ಲಿ ಬರೆಯಲು ಕಲಿಯುವುದು ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಕಾರಣ ನಮಗೆ ಕಾಣಲಿಲ್ಲ. ಮರಾಠಿ ಅನ್ನ ಕೊಡುವ ಭಾಷೆ, ಅದನ್ನು ಚೆನ್ನಾಗಿ ಕಲಿಯಲಿ. ಅದರ ಪಕ್ಕದಲ್ಲೇ ಕನ್ನಡದ ಕಾಗುಣಿತಕ್ಕೂ ಒಂದಿಷ್ಟು ಜಾಗವಿರಲಿ.

ಕಂದೀಲು ಬಿಟ್ಟು ನೋಡಿ

ಅಂತರ್ಜಾಲವೂ ಒಂದು ಹಗೇವು. ತುಂಬಿದವರು ಇಟ್ಟದ್ದೇ ತೆರೆದವರಿಗೆ ಸಿಗುವುದು. ಮರಾಠಿಯ 'ಪೇವ' ಸಿಕ್ಕಿತು, ಯಾಕೆಂದರೆ ಯಾರೋ ಅದನ್ನು ಕುಳಿತು ಬರೆದಿದ್ದರು. ಅಜ್ಜಿಯ ಹಗೇವು ಆ ದಿನ ಸಿಗಲಿಲ್ಲ. ಲಿಪಿಯ ತೊಡಕು ಒಂದು ಕಾರಣವಾದರೆ, ಅಜ್ಜಿ ಹೇಳಿದ ಆ ಕಂದೀಲಿನ ಬುದ್ಧಿಯನ್ನು ಬರೆದಿಡಲು ನಮ್ಮ ಕಡೆಯವರು ಮುಂದೆ ಬಾರದಿರುವುದು ಇನ್ನೊಂದು ಕಾರಣ. ಕನ್ನಡ ವಿಕಿಪೀಡಿಯ 2003ರಲ್ಲೇ ಆರಂಭವಾಗಿದೆ, ಪದಗಳಿಗಾಗಿಯೇ ಕನ್ನಡ ವಿಕ್ಷನರಿ ಇದೆ. ಬಾಗಿಲು ತೆರೆದಿದೆ, ಕಾಳು ತರುವವರು ಬೇಕು.

ಹಾಗೆಂದು ಮಕ್ಕಳ ಕೈಗೆ ಮೊಬೈಲು ಕೊಟ್ಟು ಸುಮ್ಮನಿರಿ ಎಂದು ನಾವು ಹೇಳುತ್ತಿಲ್ಲ. ಬಹುಕಾಲ ಮುಚ್ಚಿದ ಹಗೇವಿನ ಗಾಳಿ ಪ್ರಾಣ ತೆಗೆಯಬಲ್ಲದು. ಅದಕ್ಕೇ ಹಿರಿಯರು ಮೊದಲು ಕಂದೀಲು ಬಿಟ್ಟರು. ಮಗು ಏನನ್ನು ತೆರೆಯುತ್ತಿದೆ, ಬರೆದವರು ಯಾರು, ಮಾತು ನಿಜವೇ ಎಂದು ಜೊತೆಗೆ ಕುಳಿತು ನೋಡುವುದು ಇಂದಿನ ತಂದೆ ತಾಯಿಯ ಕಂದೀಲು. ಬೇರೆಯವರ ಹೆಸರು, ಫೋಟೋ, ಮನೆಯ ಗುಟ್ಟುಗಳನ್ನು ಒಳಗೆ ಹಾಕದಿರುವುದೂ ಅದೇ ಬುದ್ಧಿಯೇ.

ಈ ತಿಂಗಳು ಒಂದು ಕೆಲಸ ಮಾಡಿ. ಒಂದು ನೋಟುಪುಸ್ತಕ ತನ್ನಿ. ಮನೆಯ ಹಿರಿಯರಿಂದ ದಿನಕ್ಕೆ ಒಂದು ಮಾತು ಕೇಳಿ ಮಕ್ಕಳು ಬರೆಯಲಿ. ಮಾತು, ಅದರ ಅರ್ಥ, ಅದರ ಹಿಂದಿನ ಸಂಗತಿ, ಯಾವ ಊರಿನ ಕಡೆಯದು, ಇಷ್ಟು ಸಾಕು. ಹಿರಿಯರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಿ. ತಿಂಗಳ ಕೊನೆಗೆ ಮೂವತ್ತು ಮಾತು. ಅವುಗಳಲ್ಲಿ ಐದನ್ನಾದರೂ ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ, ಎಲ್ಲರಿಗೂ ಸಿಗುವ ಕಡೆ ಸೇರಿಸಿ.

ಅಂದು ಉದಗೀರದ ಆ ಮನೆಯಲ್ಲಿ ನಾವು ಹೊರಡುವ ಹೊತ್ತಿಗೆ ತಂದೆ ಮಗಳ ಕೈ ಹಿಡಿದು, ತಾವು ಚಿಕ್ಕಂದಿನಲ್ಲಿ ಕಲಿತಿದ್ದ ಕನ್ನಡ ಅಕ್ಷರಗಳನ್ನು ನೆನಪಿಸಿಕೊಂಡು 'ಹಗೇವು' ಎಂದು ಬರೆಸುತ್ತಿದ್ದರು. 'ಗೇ' ಬರೆಯಲು ಇಬ್ಬರೂ ಎರಡು ಸಲ ಅಳಿಸಿದರು. ಕ್ರಿಸ್ಮಸ್ ಸಮಯದಲ್ಲಿ ಫೋನು ಮಾಡಿದಾಗ ತಿಳಿಯಿತು, ಈಗ ಅಜ್ಜಿಗೆ ಮರೆವು ಹೆಚ್ಚಾಗಿದೆ, ಮಾತಿನ ನಡುವೆ ಹೆಸರು ತಪ್ಪಿಹೋಗುತ್ತದೆ. ಆಗ ಮೊಮ್ಮಗಳು ನೋಟುಪುಸ್ತಕ ತೆಗೆಯುತ್ತಾಳಂತೆ. ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ, ಅಜ್ಜಿಯ ಮಾತನ್ನು ಅಜ್ಜಿಗೇ ಓದಿ ಹೇಳುತ್ತಾಳಂತೆ.

ನಿಮ್ಮ ಮನೆಯ ಮೂವತ್ತು ಮಾತುಗಳಲ್ಲಿ ನಿಮಗೆ ಇಷ್ಟವಾದ ಒಂದನ್ನು ನಮಗೂ ಬರೆದು ಕಳಿಸಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.